ಎರಡನೇ ಸಲ ಕೇಳಿದ ಪ್ರಶ್ನೆ

ಮಕ್ಕಳ ಬುದ್ಧಿ ಅಳೆಯುವ ಅಧಿಕಾರಿಗಳೇ,

ನನ್ನ ಎಂಟು ವರ್ಷದ ಮಗಳು ಗೀತಾಂಜಲಿಯ ಬುದ್ಧಿ ವಯಸ್ಸಿಗೆ ತಕ್ಕಂತೆ ಬೆಳೆದಿಲ್ಲವೆಂದು ತೀರ್ಮಾನಿಸಿ, ಬರುವ ಜೂನ್‌ನಿಂದ ಅವಳನ್ನು ಮತ್ತೆ ಎರಡನೇ ತರಗತಿಯಲ್ಲೇ ಕೂರಿಸಲು ಆದೇಶಿಸಿದ್ದೀರಿ. ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂಬುದು ಕೂಡ್ಲಿಗಿಗೆಲ್ಲ ತಿಳಿಯಲಿ ಎಂದೇ ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನೀವು ಶಾಲೆಗೆ ಬಂದ ದಿನ ನನಗೆ ರಜೆ, ಬಾಗಿಲಲ್ಲೇ ನಿಂತಿದ್ದೆ. ಮೇಜಿನ ಮೇಲೆ ಶೇಂಗಾ ಬೀಜದ ಎರಡು ಸಾಲು ಜೋಡಿಸಿ, ‘ಎರಡೂ ಸಮ ಇವೆಯಾ?’ ಎಂದು ಮಗಳನ್ನು ಕೇಳಿದಿರಿ. ‘ಸಮ ಅದಾವ್ರಿ’ ಎಂದಳು. ಒಂದು ಸಾಲನ್ನು ಅಗಲಕ್ಕೆ ಹರಡಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಿರಿ. ಅವಳು ಬೀಜ ನೋಡಲಿಲ್ಲ, ನಿಮ್ಮ ಮುಖ ನೋಡಿದಳು. ಹರಡಿದ ಸಾಲು ತೋರಿಸಿ ‘ಇದರಾಗ ಜಾಸ್ತಿ ಅದಾವ್ರಿ’ ಎಂದಳು. ಏಳು ದಾಟಿದ ಮಗು ಹೀಗೆ ಕಣ್ಣಿಗೆ ಮೋಸಹೋಗಬಾರದು, ಹಾಗೆಂದು ಸಿದ್ಧಾಂತವೇ ಇದೆ ಎಂದು ನನಗೂ ಒಂದು ಪಾಠ ಹೇಳಿ ಹೋದಿರಿ.

ಮನೆಗೆ ಬಂದು ಮಗಳನ್ನು ಕೇಳಿದೆ. ‘ಸಮ ಅಂತ ನನಗ ಗೊತ್ತಿತ್ತವ್ವ. ಯಾರೂ ಒಂದು ಬೀಜಾನೂ ತಿಂದಿಲ್ಲ, ಹೆಂಗ ಹೆಚ್ಚು ಕಮ್ಮಿ ಆಗ್ತಾವು? ಸರ್ ಎರಡನೇ ಸಲ ಕೇಳಿದ್ರಲ್ಲ, ಮೊದಲ ಹೇಳಿದ್ದು ತಪ್ಪಾಗಿರಬೇಕು ಅಂತ ಬ್ಯಾರೆ ಹೇಳಿದೆ.’

ಇದು ದಡ್ಡತನವೋ, ನಿಮಗೆ ಕೊಟ್ಟ ಮರ್ಯಾದೆಯೋ? ಸಿದ್ಧಾಂತ ಬರೆದ ಪಂಡಿತರ ದೇಶದಲ್ಲಿ ಮತ್ತೆ ಕೇಳುವುದು ಬರೀ ಕುತೂಹಲವಿರಬಹುದು. ನಮ್ಮ ಶಾಲೆಗಳಲ್ಲಿ ಅದು ಬೆತ್ತ ಹಿಡಿದು ‘ಕೈ ಚಾಚು’ ಎನ್ನುವುದಕ್ಕೆ ಮುಂಚಿನ ಮಾತು. ನಾನು ಕಾನಹೊಸಹಳ್ಳಿ ಬಸ್ಸಿನ ಕಂಡಕ್ಟರ್. ‘ಟಿಕೆಟ್ ಆತೇನ್ರಿ?’ ಎಂದು ಒಮ್ಮೆ ಕೇಳಿದರೆ ತಲೆಯಾಡಿಸುತ್ತಾರೆ. ಅವರನ್ನೇ ನೋಡಿ ಇನ್ನೊಮ್ಮೆ ಕೇಳಿದರೆ, ಟಿಕೆಟ್ ತೆಗೆದುಕೊಂಡ ಹೆಡ್‌ಮಾಸ್ತರೂ ಜೇಬು ತಡಕುತ್ತಾರೆ. ಅವರನ್ನೂ ಎರಡನೇ ತರಗತಿಗೆ ಕಳಿಸೋಣವೇ?

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬುದು ನಿಜ. ಮೊಳಕೆಯನ್ನು ಕಿತ್ತು ಬೇರು ನೋಡಿ ಎಂದು ಆ ಗಾದೆ ಹೇಳಿಲ್ಲ. ಅಂದಿನಿಂದ ‘ಊಟ ಆತಾ?’ ಎಂದರೂ ನನ್ನ ಮಗಳು ನನ್ನ ಮುಖ ನೋಡಿ ಉತ್ತರ ಹುಡುಕುತ್ತಾಳೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೆ.

ಇನ್ನೊಮ್ಮೆ ಬನ್ನಿ. ಶೇಂಗಾ ನಾನೇ ತರುತ್ತೇನೆ. ಮೊದಲೇ ಹರಡಿಟ್ಟು ಒಂದೇ ಸಲ ಕೇಳಿ. ನೀವು ಬಂದರೂ ಸರಿ, ಬಾರದಿದ್ದರೂ ಸರಿ, ಜೂನ್‌ನಲ್ಲಿ ಗೀತಾಂಜಲಿ ಕೂರುವುದು ಮೂರನೇ ತರಗತಿಯಲ್ಲೇ.

ಆದೇಶ ಹಿಂದಕ್ಕೆ ಪಡೆಯುತ್ತೀರಾ? ಮತ್ತೆ ಕೇಳುವಂತೆ ಮಾಡಬೇಡಿ. ಎರಡನೇ ಸಲ ಕೇಳಿದರೆ ಏನರ್ಥ ಎಂದು ನನ್ನ ಮಗಳಿಗೆ ಚೆನ್ನಾಗಿ ಗೊತ್ತು.

ಇಂತಿ,
ಸದ್ಯ ಒಂದೇ ಸಲ ಕೇಳಿರುವ,
ರೇಖಾ, ಕಂಡಕ್ಟರ್
ಕೂಡ್ಲಿಗಿ