ಕುರ್ಚಿಯ ಸ್ಥಳಾಂತರ

ಅಪ್ಪಾ,

ನೀವು ಕೇಳುತ್ತಲೇ ಇದ್ದ ರಸ್ತೆ ಬದಿಯ ಮನೆಗೆ ಇವತ್ತು ಬಂದೆವು. ನಿಮ್ಮ ಮಾತಿನಲ್ಲಿ, ಸ್ಥಳಾಂತರಗೊಂಡೆವು. ಜೀವನಪೂರ್ತಿ ಲಾರಿಯಲ್ಲಿ ಕಂಡವರ ಮನೆ ಸಾಮಾನು ಸಾಗಿಸಿದ ನಿಮ್ಮ ನಾಲಿಗೆಗೆ ಆ ಪದ ಅಂಟಿಕೊಂಡಿತ್ತು. ಊಟಕ್ಕೆ ಕೂತರೂ, "ಆ ಉಪ್ಪನ್ನ ಈ ಕಡೆ ಸ್ಥಳಾಂತರಿಸು" ಎನ್ನುತ್ತಿದ್ದಿರಿ.

"ಇದೇನು ಸರ್ಕಾರಿ ಆಫೀಸಾ? ಕೊಡು ಅನ್ನೋಕೇನು ಕಷ್ಟ?" ಎಂದು ಅಮ್ಮ ರೇಗುತ್ತಿದ್ದಳು.

"ಕೊಡು ಅಂದ್ರೆ ಎಸೀತಾರೆ ಕಣೇ. ಸ್ಥಳಾಂತರಿಸು ಅಂದ್ರೆ ಎರಡೂ ಕೈಲಿ ಹಿಡೀತಾರೆ."

ಇವತ್ತು ಬಂದವರು ನಿಮ್ಮ ಹಳೆಯ ಆಳುಗಳೇ. ಹೊಸ ಮನೆಯಲ್ಲಿ ಹಿರಿಯರು ನಿಂತಿರಬಾರದು, ಅವರ ಕುರ್ಚಿ ಲಾರಿಗೆ ಕೊನೆಗೆ ಹತ್ತಿ ಮೊದಲು ಇಳಿಯಬೇಕು ಎಂಬ ನಿಮ್ಮ ಪಾಠವನ್ನು ಅವರು ಮರೆತಿಲ್ಲ. ಖಾಲಿ ಹಾಲ್‌ನಲ್ಲಿ ನಿಮ್ಮ ಬೆತ್ತದ ಕುರ್ಚಿ ಇಳಿಸಿದ ಆಳುಗಳ ಮೇಸ್ತ್ರಿ ಅಭ್ಯಾಸಬಲದಿಂದ, "ಕೂತ್ಕೊಳ್ಳಿ ಯಜಮಾನ್ರೇ" ಎಂದುಬಿಟ್ಟ. ತಕ್ಷಣ ನಾಲಿಗೆ ಕಚ್ಚಿಕೊಂಡ. ಎಲ್ಲರೂ ಗೋಡೆ ನೋಡತೊಡಗಿದೆವು.

ಅಮ್ಮ ಸೊಂಟಕ್ಕೆ ಕೈಯಿಟ್ಟಳು. "ಯಾಕ್ರೋ ಗರ ಬಡಿದವ್ರ ಹಾಗೆ ನಿಂತಿದ್ದೀರಾ? ಅದನ್ನ ಕಿಟಕಿ ಹತ್ರ ಸ್ಥಳಾಂತರಿಸಿ!"

ಮೇಸ್ತ್ರಿ ಬಿದ್ದು ಬಿದ್ದು ನಕ್ಕ, ಅಮ್ಮನೂ ನಕ್ಕಳು. ಆಮೇಲೆ ಅವನು ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದೆತ್ತಿದ.

ರಸ್ತೆಯಲ್ಲಿ ಹೋಗಿಬರುವ ಲಾರಿಗಳೆಲ್ಲ ಆ ಕಿಟಕಿಯಿಂದ ಚೆನ್ನಾಗಿ ಕಾಣುತ್ತವೆ, ಅಪ್ಪಾ.