ವೆನಿಸಿನ ನಲವತ್ತು ದಿನ

23 ಸೆಪ್ಟೆಂಬರ್ 1994, ಶುಕ್ರವಾರ

ಮತ್ತೆ ಎಲ್ಲೋರಾ. ಇಟಲಿಯ ಟೂರಿಸ್ಟರ ಗುಂಪು. ಕೈಲಾಸದ ಮುಂದೆ ಅದೇ ಪಾಠ — ಮೇಲಿಂದ ಕೆಳಕ್ಕೆ ಕೆತ್ತಿದ್ದು, ಕೆತ್ತಿಸಿದವರು ಕನ್ನಡದ ದೊರೆಗಳು. ಈ ಕೊನೆಯ ಮಾತು ಹೇಳದಿದ್ದರೆ ನನಗೆ ಮಧ್ಯಾಹ್ನದ ಊಟ ಸೇರುವುದಿಲ್ಲ.

ಗುಂಪಿನಲ್ಲಿ ವೆನಿಸಿನ ಒಬ್ಬ ಮುದುಕಿ, ನಿವೃತ್ತ ಟೀಚರ್. ಬೀಡ್ ಕಡೆ ಪ್ಲೇಗ್, ಈಗ ಸುರತ್‌ನಲ್ಲೂ ಅಂತೆ ಎಂದು ಯಾರೋ ಹೇಳಿದ್ದೇ ತಡ, "ಕ್ವಾರಂತೇನಾ ನಮ್ಮೂರಿನ ಮಾತು" ಎಂದಳು. ಹೆಮ್ಮೆಯಿಂದ. ಪ್ಲೇಗಿನ ಕಾಲದಲ್ಲಿ ಹೊರಗಿನ ಹಡಗಿನವರು ಇಳಿಯುವ ಹಾಗಿರಲಿಲ್ಲ. ನಲವತ್ತು ದಿನ ದೂರದಲ್ಲೇ. ಕ್ವಾರಾಂತಾ ಎಂದರೆ ನಲವತ್ತು. ಅದನ್ನೇ ಫ್ರೆಂಚರು, ಜರ್ಮನರು, ಸ್ಪ್ಯಾನಿಶರು, ಇಂಗ್ಲಿಷರು ತಮ್ಮ ತಮ್ಮ ಬಾಯಿಗೆ ಒಗ್ಗಿಸಿಕೊಂಡರು. ನಲವತ್ತೇ ಯಾಕೆ ಎಂದೆ. ಏಸು ಮರುಭೂಮಿಯಲ್ಲಿ ಉಪವಾಸ ಇದ್ದದ್ದು ನಲವತ್ತು ದಿನ, ಅದಕ್ಕೇ ಇರಬೇಕು ಎಂದಳು. ಎಂಥ ಸರಕು! ಮುಂದಿನ ಗುಂಪಿಗೆ ಹೇಳಬೇಕು.

ಮಗಳು ನೀರಜಾ ಸುರತ್‌ನಲ್ಲಿದ್ದಾಳೆ. ಎಂಟು ತಿಂಗಳ ಬಸುರಿ. ಚೊಚ್ಚಲು. ಈ ವಾರವೇ ಕರೆತರಬೇಕಿತ್ತು. ಪಿತೃಪಕ್ಷದಲ್ಲಿ ಬಸುರಿ ಹೆಣ್ಣುಮಗಳನ್ನು ದಾರಿಗೆ ಹಾಕಬಾರದೆಂದು ಹೆಂಡತಿ ಅಲಕಾ ಮತ್ತು ನಾನು, ಇಬ್ಬರೂ ಸೇರಿ ಮುಂದೂಡಿದೆವು. ಬಾಣಂತಿ ಕೋಣೆಗೆ ಮಾತ್ರ ಸುಣ್ಣ ಹೊಡೆಸಿಯಾಗಿದೆ.

24 ಸೆಪ್ಟೆಂಬರ್

ಅಳಿಯ ದತ್ತೂನ ಫೋನು. ನಮ್ಮಲ್ಲಿ ಫೋನಿಲ್ಲ, ಹೌಸಿಂಗ್ ಸೊಸಾಯಿಟಿ ಸೆಕ್ರೆಟರಿ ರತ್ನಾಕರರಾಯರ ಮನೆಗೇ ಬರಬೇಕು. "ಮಾಮಾ, ಕಾಳಜಿ ಮಾಡಬ್ಯಾಡ್ರಿ. ಮಿಲ್ಲಿನ ಡಾಕ್ಟರು ಗುಳಿಗಿ ಕೊಟ್ಟಾರ. ನಾವು ಮನಿ ಬಿಟ್ಟು ಎಲ್ಲೂ ಹೋಗೂದಿಲ್ಲ." ಜೀವ ತಣ್ಣಗಾಯಿತು. ರಾಯರ ಮನೆಯಲ್ಲಿ ಚಹಾ ಕುಡಿದೇ ಬಂದೆ.

25 ಸೆಪ್ಟೆಂಬರ್, ಭಾನುವಾರ

ಟೆರೇಸಿನ ಮೇಲೆ ಸೊಸಾಯಿಟಿ ಮೀಟಿಂಗ್. ಸುರತ್‌ನಿಂದ ಜನ ರೈಲು ತುಂಬಿ ಓಡಿಬರುತ್ತಿದ್ದಾರೆ, ಏನು ಮಾಡೋಣ? ಒಬ್ಬರು ನಾಲ್ಕು ದಿನ ಒಳಗೆ ಬಿಡುವುದು ಬೇಡ ಎಂದರು, ಇನ್ನೊಬ್ಬರು ವಾರ ಎಂದರು. ನಾನು ಸುಮ್ಮನಿರಬಹುದಿತ್ತು. ಎದ್ದು ನಿಂತೆ. ವೆನಿಸ್, ಹಡಗು, ಕ್ವಾರಾಂತಾ, ಏಸು — ಎಲ್ಲ ಹೇಳಿದೆ, ಮರಾಠಿಯಲ್ಲಿ, ಕೈಯಾಡಿಸಿ. ಹೆಂಗಸರೂ ಬಾಯಿ ತೆರೆದು ಕೇಳಿದರು. ರತ್ನಾಕರರಾಯರು ಚಪ್ಪಾಳೆ ತಟ್ಟಿ, "ಮಗ ಠರಲಂ! ಚಾಳೀಸ ದಿವಸ!" ಎಂದರು. ತೀರ್ಮಾನವೇ ಆಗಿಹೋಯಿತು. ಸುರತ್‌ನಿಂದ ಬಂದವರು ಯಾರೇ ಆಗಲಿ ನಲವತ್ತು ದಿನ ಗೇಟಿನಾಚೆ.

ಇಂಥ ಕೇಳುಗರು ಎಲ್ಲೋರಾದಲ್ಲೂ ಸಿಗುವುದಿಲ್ಲ. ಖುಷಿಯಾಯಿತು.

27 ಸೆಪ್ಟೆಂಬರ್, ಮಂಗಳವಾರ

ಬೆಳಿಗ್ಗೆ ರಾಯರು ಬಾಗಿಲು ಬಡಿದರು. ಫೋನಿನಲ್ಲಿ ನೀರಜಾ. ನಾಶಿಕ್‌ನಿಂದ! ಸುರತ್‌ನ ತಮ್ಮ ಓಣಿಯಲ್ಲಿ ಎರಡು ಹೆಣ ಬಿದ್ದವಂತೆ. ಸಿಕ್ಕ ಬಸ್ ಹತ್ತಿ ಗಂಡಹೆಂಡತಿ ಬಂದಿದ್ದಾರೆ. ಪಂಚವಟಿಯ ಒಂದು ಧರ್ಮಶಾಲೆಯಲ್ಲಿ ಸುರತ್ ಎನ್ನದೆ, ಧುಳೆ ಊರಿನವರು ಅಂತ ಹೇಳಿ ಇಳಿದಿದ್ದಾರೆ.

"ಅಪ್ಪಾ, ಹನ್ನೊಂದರ ಬಸ್ಸಿಗೆ ಹೊರಡತೀವಿ. ಅವ್ವಗ ಹೇಳು, ಹುಳಿ ಅನ್ನ ಮಾಡಿಡು ಅಂತ."

ರಾಯರು ಎದುರಿಗೇ ಕೂತಿದ್ದರು. ಕನ್ನಡ ಬಾರದಿದ್ದರೂ ನನ್ನ ಬಾಯಲ್ಲಿ ಸುರತ್ ಎಂದದ್ದು ಕಿವಿಗೆ ಬಿತ್ತು. ಪೇಪರ್ ಮಡಚಿಟ್ಟರು.

"ಒಂದಿಷ್ಟು ದಿನ ಅಲ್ಲೇ ಇರು ಮಗಳ" ಎಂದೆ.

"ಎಷ್ಟ ದಿನಾ?"

ನಾನು ರಾಯರ ಮುಖ ನೋಡಿದೆ. ಅವರು ಪಾಪ, ಕೆಟ್ಟವರಲ್ಲ. "ಸರ್, ತುಮ್ಹೀಚ ಸಾಂಗಿತಲಂ ನಾ" ಎಂದರು ಮೆಲ್ಲಗೆ. ನೀವೇ ಹೇಳಿದ್ದಲ್ಲವೇ.

"ನಲವತ್ತು" ಎಂದೆ.

"ಅಷ್ಟರಾಗ ಹಡದ ಬಿಡತೀನಪ್ಪಾ" ಎಂದಳು. ಲೈನ್ ಕಟ್ಟಾಯಿತು. ಅವಳೇ ಇಟ್ಟಳೋ ಏನೋ.

29 ಸೆಪ್ಟೆಂಬರ್

ಟೂರಿಸ್ಟರಿಲ್ಲ. ವಿಮಾನಗಳೇ ಬಂದ್. ಮುನಸಿಪಾಲಿಟಿ ಡಾಕ್ಟರರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಪ್ಲೇಗ್ ಹತ್ತಿದ್ದರೆ ವಾರದೊಳಗೆ ಗೊತ್ತಾಗುತ್ತದೆ, ಗುಳಿಗೆ ನುಂಗಿಸಿ ಮನೆಯಲ್ಲಿಟ್ಟುಕೊಳ್ಳಿ, ನಲವತ್ತು ಯಾವ ಸೀಮೆಯದು ಎಂದು ನಕ್ಕರು.

ಮನೆಮನೆಗೆ ಹೋಗಿ ಇದನ್ನೇ ಹೇಳಿದೆ. ಭಾನುವಾರ ಬಾಯಿ ತೆರೆದು ಕೇಳಿದವರು ಇವತ್ತು ಬಾಗಿಲನ್ನು ಅರ್ಧವೇ ತೆರೆದರು. ಮಗಳೆಂದ ಕೂಡಲೇ ಲೆಕ್ಕ ಬದಲಾಯಿತೇ ಸರ್ ಎಂದು ಒಬ್ಬರು. ಬದಲಾಯಿತು. ಯಾಕೆ ಬದಲಾಗಬಾರದು? ಹಾಗಂತ ಹೇಳಲಿಲ್ಲ. ಹೇಳಬೇಕಾದಾಗಲೇ ನನ್ನ ಬಾಯಿ ಬಿದ್ದುಹೋಗುತ್ತದೆ.

30 ಸೆಪ್ಟೆಂಬರ್

ಅಲಕಾ ನಾಶಿಕ್‌ಗೆ ಹೊರಟಳು. ಚೀಲದಲ್ಲಿ ಅಂಟಿನ ಉಂಡೆ, ಹಳೆ ಸೀರೆ, ಓಮ. ಅಲ್ಲಿಗೆ ಹೋದವರಿಗೂ ಅದೇ ನಿಯಮ, ಹೋದರೆ ನೀವೂ ಹೊರಗೇ ಎಂದು ಸೊಸಾಯಿಟಿಯವರು ಹೇಳಿದ್ದರು. ನಾನೂ ಬರಲೇ ಎಂದೆ. ಬರುತ್ತೇನೆ ಎನ್ನಲಿಲ್ಲ, ಬರಲೇ ಎಂದೆ. ಅವಳಿಗೆ ಗೊತ್ತಾಯಿತು.

"ನೀವು ಇಲ್ಲೇ ಇರ್ರಿ. ಮನಿ ಕಾಯ್ರಿ. ಯಾರರ ಬಂದ್ರ ವೆನಿಸ್ಸಿನ ಕತಿ ಹೇಳ್ರಿ."

ಮೂವತ್ತು ವರ್ಷದಲ್ಲಿ ಇಷ್ಟು ಖಾರವಾಗಿ ಮಾತಾಡಿರಲಿಲ್ಲ. ಬಸ್‌ಸ್ಟ್ಯಾಂಡಿಗೆ ಚೀಲ ಹಿಡಿದು ಹೋದೆ. ಯೇವಲಾ ಮಾರ್ಗದ ಬಸ್. ಕಿಟಕಿ ಪಕ್ಕ ಕೂತವಳು ತಿರುಗಿ ನೋಡಲಿಲ್ಲ.

6 ಅಕ್ಟೋಬರ್, ಗುರುವಾರ

ಪಕ್ಷ ಮುಗಿಯಿತು. ಒಳ್ಳೆಯ ದಿನಗಳು ಶುರು.

ದತ್ತೂ ಫೋನ್ ಮಾಡಿದ್ದ. ಮೊನ್ನೆ ನೀರಜಾಗೆ ಜ್ವರ, ದಿನ ತುಂಬುವ ಮುಂಚೆಯೇ ಹೆರಿಗೆ ಬ್ಯಾನಿ. ಜ್ವರ ನೋಡಿ ಧರ್ಮಶಾಲೆಯವರು ಎಬ್ಬಿಸಿದರು. ಆಸ್ಪತ್ರೆಯಲ್ಲಿ ಸುರತ್‌ನ ಡಾಕ್ಟರ ಚೀಟಿ ಕಂಡಿದ್ದೇ ಹೊರಗಿನ ಶೆಡ್ಡಿನಲ್ಲಿ ಮಲಗಿಸಿದರು. ಪ್ಲೇಗ್ ಡಾಕ್ಟರ್ ಬಂದು ನೋಡುವ ತನಕ ಯಾರೂ ಮುಟ್ಟಲಿಲ್ಲ. ಅವರು ಬಂದದ್ದು ಮರುದಿನ. ಪ್ಲೇಗ್ ಅಲ್ಲವೇ ಅಲ್ಲ, ಬರೀ ಮಲೇರಿಯಾ.

ಹೆಣ್ಣು ಕೂಸು. ಅಳಲಿಲ್ಲವಂತೆ.

ಇಲ್ಲಿಗೆ ಬಂದಿದ್ದರೆ ನಮ್ಮ ಓಣಿಯ ಸೂಲಗಿತ್ತಿ ಇದ್ದಳು. ಸುಣ್ಣ ಹೊಡೆದ ಕೋಣೆ ಇತ್ತು.

8 ಅಕ್ಟೋಬರ್, ನಾಶಿಕ್

ಈಗ ಬಂದೆ. ಯಾರನ್ನೂ ಕೇಳದೆ. ಮೊದಲೇ ಹೀಗೆ ಬರಬಹುದಿತ್ತು, ಯಾರು ತಡೆದಿದ್ದರು?

ಪಂಚವಟಿಯಲ್ಲೇ ಒಂದು ಬಾಡಿಗೆ ಕೋಣೆ. ಅಲಕಾ ಎಣ್ಣೆ ಕಾಯಿಸುತ್ತಿದ್ದಳು. ಕೂಸಿಲ್ಲದಿದ್ದರೂ ಬಾಣಂತಿ ಬಾಣಂತಿಯೇ, ಮೈಗೆ ಹಚ್ಚಬೇಕು, ಕಿವಿಗೆ ಕಟ್ಟಬೇಕು. ನೀರಜಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎದೆಯ ಮೇಲಿನ ಸೀರೆ ಹಾಲಿಗೆ ತೊಯ್ದಿತ್ತು. ನಾನು ಹೊಸ್ತಿಲಲ್ಲೇ ನಿಂತೆ.

ಗೋಡೆಯ ಕಡೆಗೇ ಮುಖವಿಟ್ಟು ಅಂದಳು, "ಅಪ್ಪಾ, ಆ ವೆನಿಸ್ಸಿನ ಹಡಗಿನಾಗ ಹೆಣಮಕ್ಕಳೂ ಇರತಿದ್ರೇನು? ಬಸರಿದ್ದಾಕಿ?"

ಅಲಕಾ ಎಲ್ಲ ಹೇಳಿದ್ದಾಳೆ. ವ್ಯಂಗ್ಯವಾಗಿ ಕೇಳಲಿಲ್ಲ ನೀರಜಾ. ನಿಜವಾಗಿ ತಿಳಿಯಬೇಕಿತ್ತು ಅವಳಿಗೆ. ಹತ್ತೊಂಬತ್ತು ವರ್ಷ ಗೈಡ್ ನಾನು, ಗೊತ್ತಿಲ್ಲ ಎಂಬ ಮಾತು ಯಾವ ಭಾಷೆಯಲ್ಲೂ ಆಡಿದವನಲ್ಲ. ಕೇಳಿದವರಿಗೆ ಏನಾದರೊಂದು ಹೇಳಿಯೇ ಕಳಿಸುವುದು.

"ಗೊತ್ತಿಲ್ಲವ್ವಾ" ಎಂದೆ.

14 ಅಕ್ಟೋಬರ್, ಔರಂಗಾಬಾದ್

ಪ್ಲೇಗ್ ಮುಗಿಯಿತಂತೆ. ಪೇಪರ್‌ನಲ್ಲಿ ಒಳಪುಟದಲ್ಲಿ ನಾಲ್ಕು ಸಾಲು. ರತ್ನಾಕರರಾಯರು ಬನ್ನಿ ಎಲೆ ಕೊಟ್ಟು ಅಪ್ಪಿಕೊಂಡರು. ನಿಯಮ ರದ್ದಾಗಿದೆ, ಮಗಳನ್ನು ಕರೆತನ್ನಿ ಎಂದರು. ಕಣ್ಣಲ್ಲಿ ನೀರಿತ್ತು. ಇಷ್ಟು ಸುಲಭವಾಗಿ ರದ್ದಾಗುವಂಥದ್ದು.

ಫೋನ್ ಮಾಡಿದೆ. ಅಲಕಾ ಫೋನಿಗೆ ಬಂದಳು.

"ಆಕಿ ಬರೂದಿಲ್ಲಂತ್ರೀ. ನಲವತ್ತು ಅಂತ ಅಪ್ಪ ಹೇಳ್ಯಾನ, ಮುಗಿಸೇ ಬರತೀನಿ ಅಂತಾಳ."

19 ಅಕ್ಟೋಬರ್

ಸ್ಪೇನಿನ ದಂಪತಿ. ತಿಂಗಳ ನಂತರ ಮೊದಲ ಕೆಲಸ. ಮಾತಿನ ನಡುವೆ ಆ ಹೆಂಗಸು ಅಂದಳು — ನಮ್ಮಲ್ಲಿ ಕ್ವಾರೆಂತೇನಾ ಎಂದರೆ ಬಾಣಂತಿಯ ನಲವತ್ತು ದಿನವೂ ಹೌದು. ಹೊರಗೆ ನಿಲ್ಲಿಸುವುದಕ್ಕೂ ಅದೇ ಮಾತು, ಒಳಗಿಟ್ಟು ಕಾಪಾಡುವುದಕ್ಕೂ ಅದೇ.

ಹಿಂದಾದರೆ ಕುಣಿದಾಡುತ್ತಿದ್ದೆ. ಟ್ಯಾಕ್ಸಿಯ ಹಿಂದೆ ಹೋಗಿ ಅತ್ತೆ.

3 ನವೆಂಬರ್

ದೀಪಾವಳಿ. ಹಣತೆ ಹಚ್ಚಲಿಲ್ಲ. ರಾಯರ ಸೊಸೆ ಒಂದು ತಟ್ಟೆ ಚಕ್ಕುಲಿ, ಕರಂಜಿ ತಂದಿಟ್ಟು ಹೋದಳು. ಹಾಗೇ ಇದೆ.

6 ನವೆಂಬರ್, ಭಾನುವಾರ, ಸಂಜೆ

ಬಂದರು. ಹೇಳಿದ ದಿನಕ್ಕೇ.

ಆಟೋ ಗೇಟಿನ ಹತ್ತಿರ ನಿಂತಿತು. ಅಲಕಾ ಇಳಿದಳು, ದತ್ತೂ ಇಳಿದ. ನೀರಜಾ ಇಳಿದು ಗೇಟಿನಾಚೆಗೇ ನಿಂತಳು. ಎಷ್ಟು ಸಣ್ಣಗಾಗಿದ್ದಾಳೆ! ಕಿವಿಗೆ ಬಟ್ಟೆ ಕಟ್ಟಿತ್ತು. ರತ್ನಾಕರರಾಯರು ತಾವೇ ಓಡಿಹೋಗಿ ಗೇಟು ತೆಗೆದು, "ಯೇ ಬಾಳಾ, ಯೇ" ಎಂದು ಒಳಗೆ ಕರೆದರು. ನೀರಜಾ ಅವರತ್ತ ನೋಡಲೇ ಇಲ್ಲ. ನನ್ನನ್ನೇ ನೋಡಿದಳು.

"ಅಪ್ಪಾ, ಮುಗದಾವಲ್ಲ? ಬರಲೇನು ಒಳಗ?"

ಬಾ ಎನ್ನಬೇಕಿತ್ತು. ಒಂದೇ ಅಕ್ಷರ. ಅವಳು ಅಂಬೆಗಾಲಿಡುವಾಗ ಎಷ್ಟು ಸಾವಿರ ಸಲ ಎಂದಿದ್ದೇನೋ. ಆರು ಭಾಷೆ ಬಲ್ಲ ಬಾಯಿ ತೆರೆದೇ ಇತ್ತು, ಸದ್ದು ಹೊರಡಲಿಲ್ಲ. ಕೊನೆಗೆ ಅಲಕಾ ಅವಳ ಕೈ ಹಿಡಿದು ನನ್ನ ಪಕ್ಕದಿಂದಲೇ ಒಳಗೆ ಕರೆದುಕೊಂಡು ಹೋದಳು.

ಈಗ ಸುಣ್ಣದ ಕೋಣೆಯಲ್ಲಿದ್ದಾಳೆ. ಬಾಗಿಲು ಮುಂದೆ ಮಾಡಿದ್ದಾಳೆ, ಅಗುಳಿ ಹಾಕಿಲ್ಲ. ಗೇಟಿನಲ್ಲಿ ಆಡದೆ ಉಳಿದದ್ದನ್ನು ಹೋಗಿ ಹೇಳಬೇಕು. ಈಗಲಾದರೂ. ಎರಡು ಸಲ ಎದ್ದೆ, ಬಾಗಿಲ ತನಕ ಹೋದೆ, ಕೈ ಎತ್ತಿದೆ, ಬಡಿಯದೆ ತಿರುಗಿ ಬಂದು ಇದನ್ನು ಬರೆಯುತ್ತಿದ್ದೇನೆ.