ಕುದುರೆಗೆ ಬೆನ್ನು ತೋರಿಸಿದ ಸಂಜೆ

ಪ್ರೀತಿಯ ಮಾವ,

ಅಲ್ಲಿ ಕ್ಷೇಮವೇ ಎಂದು ಕೇಳಲು ಕೈ ಬರುತ್ತಿಲ್ಲ. ನೀವು ಅಲ್ಲಿಗೆ ಹೋಗಿದ್ದೀರೋ, ಇನ್ನೂ ತಲಘಟ್ಟಪುರದ ಲಾಯದಲ್ಲೇ ಇದ್ದೀರೋ... ಅದೇ ನನ್ನ ಅನುಮಾನ.

ನಿಮ್ಮ ವೈಕುಂಠ ಸಮಾರಾಧನೆಯ ಮರುದಿನ ಲಾಯಕ್ಕೆ ಹೋಗಿದ್ದೆ. ನಿಮ್ಮ ಕರಿ ಕುದುರೆ ಭೈರವಿ ಮರಳಿನ ಅಂಗಳದಲ್ಲಿ ಒಬ್ಬಳೇ ಸುತ್ತುತ್ತಿದ್ದಳು. ಕತ್ತು ಎಡಕ್ಕೆ ಬಾಗಿತ್ತು. ಬೇಲಿಗೂ ತನಗೂ ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ಜಾಗ ಬಿಟ್ಟಿದ್ದಳು. ನೀವು ಎಡಗಾಲು ಎಳೆಯುತ್ತಾ ಅವಳ ಪಕ್ಕದಲ್ಲಿ ನಡೆಯುತ್ತಿದ್ದಿರಲ್ಲ, ಅದೇ ನಿಧಾನ! ಯಾರಾದರೂ ಹತ್ತಲು ಹೋದರೆ ಮಾತ್ರ ಹಿಂಗಾಲ ಮೇಲೆ ಎದ್ದು ನಿಲ್ಲುತ್ತಿದ್ದಳು. ಯಾರ ಜೊತೆ ನಡೆಯುತ್ತಿದ್ದಳು, ಮಾವ?

ಸರೋಜತ್ತೆ ನಿಮ್ಮ ಜಯನಗರದ ಮನೆಯಲ್ಲಿ ಕಾಫಿ ಕೊಡುತ್ತಾ ಬಾಂಬು ಹಾಕಿದರು. "ತಿಲಕ್ ನಗರದ ಮದುವೆ ಮೆರವಣಿಗೆ ಕುದುರೆಯವರು ಭಾನುವಾರ ಬಂದು ದುಡ್ಡು ಕೊಟ್ಟು ಭೈರವೀನ ಹೊಡ್ಕೊಂಡು ಹೋಗ್ತಾರೆ ಕಣೋ."

"ಅತ್ತೆ! ಬ್ಯಾಂಡು, ಪಟಾಕಿ, ಆ ಗಲಾಟೇಲಿ ಅವಳು ಮದುಮಗನ್ನ ಎತ್ತಿ ಬಿಸಾಕ್ತಾಳೆ. ಆಮೇಲೆ ಅವಳನ್ನ ಹೊಡ್ದು ಸಾಯಿಸ್ತಾರೆ!"

"ಹಂಗಾದ್ರೆ ಅಷ್ಟರೊಳಗೆ ನೀನೇ ಹತ್ತಿ ತೋರ್ಸು, ಮಾರಲ್ಲ. ಸ್ಟೇಜ್ ಮೇಲೆ ದಿನಾ ರಾಜನ ಪಾರ್ಟು ಮಾಡ್ತೀಯಲ್ಲ, ಬರೀ ಮೀಸೆಗೇನಾ?"

ಮರುದಿನ ಅಂಗಳದ ನಡುವೆ ನಿಂತು ಗರ್ಜಿಸಿದೆ: "ಎಲೈ ಭೈರವಿ! ಬಾ ಇತ್ತ!" ಮೈಕಿಲ್ಲದ ಕಂಪನಿ ನಾಟಕಗಳಲ್ಲಿ ಬೆಳೆದ ಕಂಠ, ಬೀದಿ ನಾಯಿಗಳೆಲ್ಲ ಬೊಗಳಿದವು. ಅವಳ ಕಿವಿಯೂ ಅಲುಗಲಿಲ್ಲ. ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಹಗ್ಗ ಜಗ್ಗಿದೆ. ಜಗ್ಗಿದಷ್ಟೂ ಕಾಲೂರಿದಳು. ಆಗ ನೀವು ಸವಾರಿ ಕಲಿಯಲು ಬರುತ್ತಿದ್ದ ನಿಮ್ಮ ಶಿಷ್ಯರನ್ನು ಬೈಯುತ್ತಿದ್ದದ್ದು ನೆನಪಾಯಿತು: "ಎದುರಿಗೆ ನಿಂತ್ರೆ ನೀನು ಅದಕ್ಕೆ ಗೋಡೆ ಕಣೋ. ತಿರುಗಿ ಮುಂದೆ ನಡಿ. ನಂಬಿದ್ರೆ ಬರುತ್ತೆ." ನನಗೋ, ನೋಡುವವರಿಗೆ ಬೆನ್ನು ತೋರಿಸಬಾರದು ಎಂದು ಬಣ್ಣ ಹಚ್ಚಿದ ದಿನವೇ ಕಲಿಸಿದ್ದರು. ಕುದುರೆಯ ಮುಂದೆಯೂ ನಾನು ರಂಗದ ಮೇಲೇ ನಿಂತಿದ್ದೆ.

ಶನಿವಾರ ಸಂಜೆ, ಇಳಿಬಿಸಿಲು. ಹಗ್ಗ ಕೈಬಿಟ್ಟೆ. ಬಾಯಿ ಮುಚ್ಚಿದೆ. ಭೈರವಿಗೆ ಬೆನ್ನು ಹಾಕಿ ಗೇಟಿನ ಕಡೆ ನಡೆದೆ. ಬೆನ್ನಿನ ಚರ್ಮವೆಲ್ಲ ಕಣ್ಣಾದಂತಿತ್ತು. ಹಿಂದೆ ಮರಳಿನ ಮೇಲೆ ಗೊರಸಿನ ಸದ್ದು. ಜೊತೆಗೆ... ಮಾವ, ಜೊತೆಗೆ ಚಪ್ಪಲಿಯ ಸದ್ದು. ಒಂದು ಹೆಜ್ಜೆ, ಒಂದು ಎಳೆತ. ಒಂದು ಹೆಜ್ಜೆ, ಒಂದು ಎಳೆತ. ನನ್ನ ಮುಂದೆ ಉದ್ದಕ್ಕೆ ಬಿದ್ದಿದ್ದ ನೆರಳು ಎರಡೇ, ನನ್ನದು ಮತ್ತು ಅವಳದು. ತಿರುಗಿದ್ದರೆ ಕಾಣುತ್ತಿದ್ದಿರೇ? ಆದರೆ ತಿರುಗಿದ್ದರೆ ಅವಳು ನಿಂತುಬಿಡುತ್ತಿದ್ದಳು. ಬೆಳಗಾದರೆ ಭಾನುವಾರ. ತಿರುಗಲಿಲ್ಲ.

ಗೇಟು ತೆರೆದು ದಾಟಿದೆ. ಹಿಂದೆ ಎರಡೂ ಸದ್ದು ನಿಂತವು. "ಮಾವ, ಇವಳನ್ನ ನಂಗೆ ಬಿಡಿ," ಎಂದೆ. ಅದು ನನ್ನ ದನಿಯೇ ಎಂದು ನನಗೇ ಗುರುತು ಸಿಗದಷ್ಟು ಮೆಲ್ಲಗೆ. ಒಂದು ನಿಟ್ಟುಸಿರು ಕೇಳಿಸಿತು, ಅವಳದೋ, ನಿಮ್ಮದೋ... ಆಮೇಲೆ ಗೊರಸಿನ ಸದ್ದು ಮಾತ್ರ ಹೊರಟಿತು. ಬಿಸಿ ಉಸಿರು ನನ್ನ ಕತ್ತಿಗೆ ತಾಗಿತು.

ಅಂದೇ ಅವಳ ಬೆನ್ನ ಮೇಲೆ ಕೂತೆ. ಅಲುಗಲಿಲ್ಲ. ಸರೋಜತ್ತೆ ತಿಲಕ್ ನಗರದವರಿಗೆ ಬೇಡ ಎಂದು ಫೋನ್ ಮಾಡಿದರು. ನಾಳೆಯಿಂದ ಸಂಜೆಯ ಹೊತ್ತು ಭೈರವಿಯನ್ನು ಕೆರೆ ಏರಿಯ ಮೇಲೆ ಸವಾರಿಗೆ ಕರೆದೊಯ್ಯುತ್ತೇನೆ. ನೀವು ಬಂದು, ಅಂಗಳ ಖಾಲಿ ಕಂಡು ಗಾಬರಿಯಾಗಬಾರದಲ್ಲ, ಅದಕ್ಕೇ ಬರೆದೆ.

ನಿಮ್ಮ ಅಳಿಯ,
ಶ್ರೀಧರ